ನಿಂತ ದಿನಕ್ಕೆ ಎಷ್ಟು?

ಲೈನ್ ಲಾರಿಗೆ, ಅಂದರೆ ದೂರದ ಊರುಗಳಿಗೆ ಓಡುವ ಲಾರಿಗೆ, ಹೋಗಬೇಕು ಅಂತ ಮನಸ್ಸು ಮಾಡಿದ ಹುಡುಗರು ಓನರ್ ಮುಂದೆ ನಿಂತು ಮೊದಲು ಕೇಳುವುದು ‘ಸಂಬಳ ಎಷ್ಟು ಕೊಡ್ತೀರ?’ ಅಂತ. ಮೊದಲು ಕೇಳಬೇಕಾದ್ದು ಅದಲ್ಲ. ‘ಗಾಡಿ ನಿಂತ ದಿನಕ್ಕೆ ಎಷ್ಟು ಕೊಡ್ತೀರ?’ ಅನ್ನುವುದು. ಮಂಡ್ಯ, ಮದ್ದೂರು, ನಂಜನಗೂಡು ಕಡೆಯಿಂದ ಮುಂಬೈ, ದೆಹಲಿ ಲೈನಿಗೆ ಹೋಗುವ ಕೆಲಸದ ಒಳ್ಳೆಯದು ಕೆಟ್ಟದ್ದು ಬಹುಪಾಲು ಈ ಒಂದು ಪ್ರಶ್ನೆಯಲ್ಲೇ ಅಡಗಿದೆ. ಹೇಗೆ ಅನ್ನುವುದನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಮದ್ದೂರು ಎಪಿಎಂಸಿಯಿಂದ ಎಳನೀರು ತುಂಬಿಕೊಂಡು ನವಿ ಮುಂಬೈನ ವಾಶಿಗೆ ಹೊರಡುವ ಹತ್ತು ಚಕ್ರದ ಗಾಡಿಯನ್ನು ತೆಗೆದುಕೊಳ್ಳಿ. ಕುಣಿಗಲ್ ಮೇಲೆ ತುಮಕೂರು ಸೇರಿ, ಅಲ್ಲಿಂದ ಎನ್‌ಎಚ್ 48 ಹಿಡಿದು ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಸಾತಾರ, ಪುಣೆ ದಾಟಿ ವಾಶಿ ಅಂದರೆ ಸುಮಾರು ಸಾವಿರ ಕಿಲೋಮೀಟರ್. ಲೋಡ್ ಗಾಡಿ ಟೋಲು, ಘಾಟು, ಊರುಗಳ ಟ್ರಾಫಿಕ್ಕು ಎಲ್ಲ ಸೇರಿ ಗಂಟೆಗೆ ಸರಾಸರಿ 40ರಿಂದ 45 ಕಿ.ಮೀ. ಹೋದರೆ ಚೆನ್ನಾಗಿಯೇ ಹೋಯಿತು. ಅಂದರೆ ಸ್ಟೇರಿಂಗ್ ಹಿಡಿದಿರುವ ಹೊತ್ತೇ 24 ಗಂಟೆ. ಒಬ್ಬನೇ ಡ್ರೈವರ್ ಮನುಷ್ಯನ ಹಾಗೆ ಉಂಡು ಮಲಗಿ ಹೋದರೆ ಎರಡೂವರೆ ದಿನ. ಲೋಡಿಂಗ್‌ಗೆ, ಇಳಿಸುವುದಕ್ಕೆ, ವಾಪಸ್ ಲೋಡ್ ಹುಡುಕುವುದಕ್ಕೆ ಒಂದು ದಿನ. ಮತ್ತೆ ಬರುವುದಕ್ಕೆ ಎರಡೂವರೆ ದಿನ. ಒಟ್ಟು ಆರು ದಿನದ ಸುತ್ತು.

ಈಗ ಒಂದು ಟ್ರಿಪ್ಪಿಗೆ ಡ್ರೈವರ್‌ಗೆ 6,000 ರೂಪಾಯಿ ಅಂತ ಇಟ್ಟುಕೊಳ್ಳೋಣ. ಇದು ಲೆಕ್ಕ ತೋರಿಸುವುದಕ್ಕೆ ಹಿಡಿದ ಅಂಕಿ, ಮಾರುಕಟ್ಟೆ ದರವಲ್ಲ. ಆರು ದಿನದ ಸುತ್ತಾದರೆ ತಿಂಗಳಿಗೆ ಐದು ಟ್ರಿಪ್, 30,000. ದಾರಿಯ ಊಟ, ಸ್ನಾನ, ಟೀಗೆ ದಿನಕ್ಕೆ 300ರಂತೆ 9,000 ಕಳೆದರೆ ಮನೆಗೆ 21,000. ಅದೇ ವಾಶಿಯಲ್ಲೋ ಕಳಂಬೋಲಿಯಲ್ಲೋ ವಾಪಸ್ ಲೋಡ್ ಸಿಗದೆ ಪ್ರತಿ ಸಲವೂ ಮೂರು ದಿನ ಹೆಚ್ಚಿಗೆ ನಿಂತರೆ ಸುತ್ತು ಒಂಬತ್ತು ದಿನವಾಗುತ್ತದೆ. ತಿಂಗಳಿಗೆ ಮೂರು ಚಿಲ್ಲರೆ ಟ್ರಿಪ್, 20,000. ಊಟದ 9,000 ಅಷ್ಟೇ ಇರುತ್ತದೆ, ಹೊಟ್ಟೆ ನಿಂತ ದಿನವೂ ಕೇಳುತ್ತದಲ್ಲ. ಮನೆಗೆ 11,000. ಡ್ರೈವರ್ ಏನೂ ತಪ್ಪು ಮಾಡಿಲ್ಲ, ಕಡಿಮೆ ದುಡಿದಿಲ್ಲ, ಆದರೂ ಉಳಿತಾಯ ಹತ್ತಿರ ಹತ್ತಿರ ಅರ್ಧಕ್ಕೆ ಬಂತು. ಕೆಲಸಕ್ಕೆ ಸೇರುವಾಗ ಹೇಳಿದ ‘ಟ್ರಿಪ್ಪಿಗೆ ಆರು ಸಾವಿರ’ ಸುಳ್ಳೇನಲ್ಲ. ಆದರೆ ನಿಂತ ದಿನದ ನಷ್ಟವನ್ನು ಯಾರು ಹೊರುತ್ತಾರೆ ಅನ್ನುವುದನ್ನು ಆ ಮಾತು ಹೇಳುವುದಿಲ್ಲ.

ಹಾಗಾಗಿ ಹಾಲ್ಟಿಂಗ್ ದುಡ್ಡು, ಅಂದರೆ ಗಾಡಿ ನಿಂತ ದಿನದ ದುಡ್ಡು, ಎಷ್ಟು, ಅದು ಎಷ್ಟು ಗಂಟೆ ಕಾದ ಮೇಲೆ ಶುರುವಾಗುತ್ತದೆ, ಪಾರ್ಟಿ (ಸರಕಿನ ಯಜಮಾನ) ಕೊಟ್ಟರೆ ಮಾತ್ರವೋ ಅಥವಾ ಓನರ್ ತನ್ನ ಕೈಯಿಂದಲಾದರೂ ಕೊಡುತ್ತಾನೋ ಅನ್ನುವುದನ್ನು ಮೊದಲೇ ಬಾಯಿಬಿಟ್ಟು ಕೇಳಿ. ‘ನೋಡ್ಕೊಳ್ಳೋಣ ಬಿಡೋ’ ಅಂದರೆ ಕೊಡುವುದಿಲ್ಲ ಅಂತಲೇ ಅರ್ಥ.

ದುಡ್ಡು ಕೊಡುವ ಪದ್ಧತಿ ಮೂರು ತರಹ ಇದೆ. ತಿಂಗಳ ಸಂಬಳದ ಜೊತೆಗೆ ದಿನದ ಬಾಟಾ (ಊಟ, ತಿಂಡಿಯ ಭತ್ಯೆ) ಒಂದು. ಟ್ರಿಪ್ಪಿಗೆ ಇಂತಿಷ್ಟು ಅನ್ನುವುದು ಎರಡನೆಯದು. ಮೂರನೆಯದೇ ಅಪಾಯದ್ದು: ಡೀಸೆಲ್, ದಾರಿ ಖರ್ಚು ಎಲ್ಲಕ್ಕೂ ಒಂದೇ ಗಂಟು ದುಡ್ಡು ಕೊಟ್ಟು ‘ಉಳಿದದ್ದು ನಿಂದು’ ಅನ್ನುವ ಕಾಂಟ್ರಾಕ್ಟ್. ಕೇಳಲು ಚೆನ್ನಾಗಿರುತ್ತದೆ. ಆದರೆ ಹೋಗಿ ಬರುವ 2,000 ಕಿ.ಮೀ.ಗೆ ಲೀಟರಿಗೆ 4 ಕಿ.ಮೀ. ಮೈಲೇಜ್ ಅಂತ ಲೆಕ್ಕ ಕಟ್ಟಿದರೆ 500 ಲೀಟರ್ ಬೇಕು. ಗಾಡಿ 3.6 ಕೊಟ್ಟರೆ 555 ಲೀಟರ್. ಡೀಸೆಲ್ 90 ರೂಪಾಯಿ ಅಂತ ಹಿಡಿದರೂ ವ್ಯತ್ಯಾಸ ಸುಮಾರು 5,000. ಅಂದರೆ ಆ ಟ್ರಿಪ್ಪಿನ ದುಡಿಮೆಯೇ ಟ್ಯಾಂಕಿಗೆ ಹೋಯಿತು. 0.4 ಮೈಲೇಜ್ ಬೀಳುವುದಕ್ಕೆ ದೊಡ್ಡ ಕಾರಣವೇನೂ ಬೇಡ. ಟೈರಿನಲ್ಲಿ ಗಾಳಿ ಕಡಿಮೆ, ಜಾಮ್ ಆದ ಏರ್ ಫಿಲ್ಟರ್, ಎರಡು ಟನ್ ಹೆಚ್ಚಿಗೆ ಲೋಡು, ಪುಣೆ ಬಳಿ ಎರಡು ಗಂಟೆ ಟ್ರಾಫಿಕ್, ಇಷ್ಟು ಸಾಕು. ಇಂಥ ಒಪ್ಪಂದ ಮಾಡಿಕೊಳ್ಳಲೇಬೇಕಾದರೆ ಲೋಡ್ ಗಾಡಿಯ ಮೈಲೇಜ್ ಬೇರೆ, ಖಾಲಿ ಗಾಡಿಯ ಮೈಲೇಜ್ ಬೇರೆ ಅಂತ ಬರೆಸಿಕೊಳ್ಳಿ. ಈ ಕಾಂಟ್ರಾಕ್ಟಿನ ನಿಜವಾದ ಕೇಡು ದುಡ್ಡಿನದ್ದಲ್ಲ. ಡೀಸೆಲ್ ಉಳಿಸುವ ಆಸೆಗೆ ಡ್ರೈವರ್ ಘಾಟಿನಲ್ಲಿ ನ್ಯೂಟ್ರಲ್ ಹಾಕುತ್ತಾನೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಲೈಸೆನ್ಸ್ ವಿಷಯ ಅಷ್ಟೇನೂ ಕಷ್ಟವಿಲ್ಲ, ಆದರೆ ಸಮಯ ತಿನ್ನುತ್ತದೆ. ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು. ಲೈಟ್ ಮೋಟಾರ್ ಲೈಸೆನ್ಸ್ ಪಡೆದು ಒಂದು ವರ್ಷ ಆಗಿರಬೇಕು. ಆಮೇಲೆ ಹೆವಿಗೆ ಎಲ್‌ಎಲ್ (ಕಲಿಕೆಯ ಲೈಸೆನ್ಸ್) ಹಾಕಿಸಿ, 30 ದಿನ ಕಳೆದ ಮೇಲೆ, ಎಲ್‌ಎಲ್‌ನ ಆರು ತಿಂಗಳ ಅವಧಿ ಮುಗಿಯುವುದರೊಳಗೆ ಟೆಸ್ಟ್ ಕೊಡಬೇಕು. ಡ್ರೈವಿಂಗ್ ಸ್ಕೂಲಿನಿಂದ ಫಾರಂ 5, ಡಾಕ್ಟರ್ ಸಹಿಯ ಫಾರಂ 1ಎ ಬೇಕು. ಅರ್ಜಿಯೆಲ್ಲ ಸಾರಥಿ ಪೋರ್ಟಲ್‌ನಲ್ಲೇ. ಎಂಟನೇ ಕ್ಲಾಸ್ ಪಾಸಾಗಿರಬೇಕು ಅನ್ನುವ ನಿಯಮ 2019ರಲ್ಲಿ ಹೋಯಿತು. ಹೆವಿ ಲೈಸೆನ್ಸ್ ಐದು ವರ್ಷಕ್ಕೊಮ್ಮೆ ರಿನೀವಲ್. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ: ಒಟ್ಟು ತೂಕ 7,500 ಕೆ.ಜಿ. ಮೀರದ ಗೂಡ್ಸ್ ಗಾಡಿಯನ್ನು ಬರೀ ಲೈಟ್ ಮೋಟಾರ್ ಲೈಸೆನ್ಸಿನಲ್ಲೇ ಓಡಿಸಬಹುದು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಆ ಕಾಯುವ ಒಂದು ವರ್ಷವನ್ನು ಸುಮ್ಮನೆ ಕಳೆಯಬೇಡಿ. ಪಿಕಪ್‌ನಲ್ಲಿ ಮೈಸೂರಿನ ಬಂಡೀಪಾಳ್ಯ ಮಾರ್ಕೆಟ್ಟಿಗೆ ತರಕಾರಿ ಹೊಡೆಯಿರಿ, ರಿವರ್ಸ್ ಹಾಕುವುದು, ಹಗ್ಗ ಬಿಗಿಯುವುದು, ಬಿಲ್ ಓದುವುದು ಕಲಿಯಿರಿ.

ಲೈಸೆನ್ಸ್ ಕೈಗೆ ಬಂದ ತಕ್ಷಣ ಮುಂಬೈ ಲೈನ್ ಹತ್ತುವುದು ತಪ್ಪು. ಟೆಸ್ಟ್ ಟ್ರ್ಯಾಕಿನಲ್ಲಿ ಖಾಲಿ ಗಾಡಿ ಓಡಿಸಿ ಪಾಸಾದವನಿಗೆ 28 ಟನ್ನಿನ ಗಾಡಿ ಇಳಿಜಾರಿನಲ್ಲಿ ಹಿಂದಿನಿಂದ ಹೇಗೆ ತಳ್ಳುತ್ತದೆ ಅನ್ನುವುದು ಗೊತ್ತಿರುವುದಿಲ್ಲ. ಆರು ಚಕ್ರದ ಗಾಡಿಯಲ್ಲಿ ಬೆಂಗಳೂರು, ಹಾಸನ, ಮಂಗಳೂರು ಅಂತ ರಾಜ್ಯದೊಳಗೆ ಒಂದು ವರ್ಷ. ಆಮೇಲೆ ಲೈನಿನಲ್ಲಿ ಹಳೇ ಡ್ರೈವರ್ ಜೊತೆ ಎರಡನೇ ಡ್ರೈವರ್ ಆಗಿ ಆರು ತಿಂಗಳು. ಹಿಂದೆ ಈ ಕಲಿಕೆಯೆಲ್ಲ ಕ್ಲೀನರ್ ಸೀಟಿನಲ್ಲಿ ತಾನಾಗಿ ಆಗುತ್ತಿತ್ತು. ಈಗ ಖರ್ಚು ಉಳಿಸಲು ಓನರ್‌ಗಳು ಕ್ಲೀನರನ್ನೇ ಬಿಟ್ಟಿದ್ದಾರೆ. ಇದು ಈ ಕಸುಬಿಗೆ ಆದ ದೊಡ್ಡ ನಷ್ಟ ಅಂತ ನಾನು ನಂಬುತ್ತೇನೆ. ಒಂದು ಕಡೆ ಹೊಸ ಹುಡುಗರಿಗೆ ಶಾಲೆ ಹೋಯಿತು, ಇನ್ನೊಂದು ಕಡೆ ಡ್ರೈವರ್‌ಗೆ ರಾತ್ರಿ ಮಾತಾಡಿಸಿ ಎಚ್ಚರ ಇಡುವ ಜೀವ ಹೋಯಿತು.

ಒಳ್ಳೆಯದೂ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಮಳೆ ಕೈಕೊಟ್ಟು ಕೆಆರ್‌ಎಸ್ ನಾಲೆಗೆ ನೀರು ಬಿಡದ ವರ್ಷವೂ ಈ ಸಂಬಳ ನಿಲ್ಲುವುದಿಲ್ಲ. ಡಿಗ್ರಿ ಕೇಳುವುದಿಲ್ಲ, ಶಿಫಾರಸು ಕೇಳುವುದಿಲ್ಲ. ಒಳ್ಳೆಯ ಡ್ರೈವರ್ ಸಿಗುತ್ತಿಲ್ಲ ಅನ್ನುವ ಗೋಳು ಪ್ರತಿ ಬುಕಿಂಗ್ ಆಫೀಸಿನಲ್ಲೂ ಇದೆ. ಆದ್ದರಿಂದ ಐದು ವರ್ಷ ಆಕ್ಸಿಡೆಂಟ್ ಇಲ್ಲದೆ ಓಡಿಸಿದವನಿಗೆ ಕೆಲಸ ಹುಡುಕುವ ಕಷ್ಟವಿಲ್ಲ. ಗಾಡಿಗಳೂ ಬದಲಾಗಿವೆ. ಪವರ್ ಸ್ಟೇರಿಂಗ್, ಎಬಿಎಸ್, ಮಲಗುವ ಬರ್ತ್ ಸಾಮಾನ್ಯವಾಗಿವೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಟ್ರಕ್‌ಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ. ಮೇ ತಿಂಗಳಲ್ಲಿ ನಾಗಪುರ ದಾಟುವವನಿಗೆ ಅದು ಐಷಾರಾಮಲ್ಲ. ಬಿಸಿಲಿನಲ್ಲಿ ಬೆಂದು ರಾತ್ರಿ ಓಡಿಸುವ ಡ್ರೈವರ್‌ಗೂ ಹಗಲು ಸರಿಯಾಗಿ ನಿದ್ದೆ ಮಾಡಿದ ಡ್ರೈವರ್‌ಗೂ ಬಹಳ ವ್ಯತ್ಯಾಸವಿದೆ.

ಮೇಲೆ ಹತ್ತುವ ಮೆಟ್ಟಿಲುಗಳೂ ಇವೆ. ಎಳನೀರು, ಬೆಲ್ಲ, ಅಕ್ಕಿ ಲೋಡಿನಿಂದ ಕಂಟೇನರ್‌ಗೆ, ಅಲ್ಲಿಂದ ಟ್ರೈಲರ್‌ಗೆ, ಕಾರ್ ಕ್ಯಾರಿಯರ್‌ಗೆ ಅಥವಾ ಟ್ಯಾಂಕರ್‌ಗೆ. ಗ್ಯಾಸ್, ಪೆಟ್ರೋಲ್, ಕೆಮಿಕಲ್ ಟ್ಯಾಂಕರ್‌ಗೆ ಹೋಗಲು ಅಪಾಯಕಾರಿ ಸರಕಿನ ಮೂರು ದಿನದ ತರಬೇತಿ ಮುಗಿಸಿ ಲೈಸೆನ್ಸಿನಲ್ಲಿ ನಮೂದು ಮಾಡಿಸಬೇಕು. ಈ ಮೂರು ದಿನದ ಖರ್ಚು ದಂಡವಲ್ಲ. ಟ್ಯಾಂಕರಿನಲ್ಲಿ ಓವರ್‌ಲೋಡಿನ ಒತ್ತಡ ಕಡಿಮೆ, ಮತ್ತು ಪಿಎಫ್, ಇಎಸ್‌ಐ ಕಟ್ಟುವ ದೊಡ್ಡ ಸಾಗಣೆದಾರರು ಈ ಕಡೆ ಹೆಚ್ಚು. ನನ್ನನ್ನು ಕೇಳಿದರೆ ಸಂಬಳ ಎರಡು ಸಾವಿರ ಕಡಿಮೆಯಾದರೂ ಪಿಎಫ್ ಇರುವ ಕಡೆಗೇ ಹೋಗಿ ಅನ್ನುತ್ತೇನೆ.

ಈಗ ನಿದ್ದೆಯ ವಿಷಯ. ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಲೈನಿನಲ್ಲಿ ಪ್ರಾಣ ಹೋಗುವುದು ಬಹುತೇಕ ಇಲ್ಲೇ. ಮೋಟಾರು ಸಾರಿಗೆ ಕಾರ್ಮಿಕರಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ, ಐದು ಗಂಟೆ ಓಡಿಸಿದ ಮೇಲೆ ಕನಿಷ್ಠ ಅರ್ಧ ಗಂಟೆ ಬಿಡುವು ಅನ್ನುವ ಲೆಕ್ಕವನ್ನು ಕಾನೂನು 1961ರಲ್ಲೇ ಹಾಕಿಕೊಟ್ಟಿತು. ಮಂಡ್ಯದಿಂದ ಮುಂಬೈಗೆ ‘ನಾಳಿದ್ದು ಬೆಳಗಿನ ಮಾರ್ಕೆಟ್ಟಿಗೆ ಮುಟ್ಟಿಸು’ ಅನ್ನುವ ಪಾರ್ಟಿ ಈ ಲೆಕ್ಕ ನೋಡುವುದಿಲ್ಲ. ಕಿತ್ತ ಎಳನೀರು ದಿನ ಕಳೆದಷ್ಟೂ ಬಣ್ಣಗೆಡುತ್ತದೆ, ಹಾಗೇ ರೇಟು ಬೀಳುತ್ತದೆ, ಅವನ ಅವಸರಕ್ಕೂ ಅರ್ಥವಿದೆ. ಆದರೆ ಆ ಅವಸರಕ್ಕೆ ಉತ್ತರ ಎರಡನೇ ಡ್ರೈವರ್. ಒಬ್ಬನೇ ಡ್ರೈವರ್‌ಗೆ ನಾಲ್ಕು ಟೀ ಹೆಚ್ಚಿಗೆ ಕುಡಿಸುವುದಲ್ಲ.

ಬೆಳಗಿನ ಜಾವ ಎರಡರಿಂದ ಐದರವರೆಗೆ ಮೈ ತಾನಾಗಿ ತಣ್ಣಗಾಗಿ ನಿದ್ದೆಗೆ ಜಾರುತ್ತದೆ, ಎಷ್ಟು ವರ್ಷದ ಅನುಭವಿಯಾದರೂ ಅಷ್ಟೇ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ನಾಲ್ಕು ಸೆಕೆಂಡ್ ಕಣ್ಣು ಮುಚ್ಚಿದರೆ ಸುಮಾರು 90 ಮೀಟರ್ ದೂರ ಗಾಡಿ ಓಡಿಸುವವರೇ ಇಲ್ಲದೆ ಹೋಗುತ್ತದೆ. ಮೊದಲ ಸೂಚನೆ ಆಕಳಿಕೆಯಲ್ಲ. ಹಿಂದೆ ಹೋದ ಎರಡು ಮೂರು ಕಿಲೋಮೀಟರ್ ನೆನಪಿಗೆ ಬಾರದಿರುವುದು, ಗೇರ್ ತಡವಾಗಿ ಬದಲಿಸುವುದು, ಕಾರಣವಿಲ್ಲದೆ ಎಡದ ಗೆರೆ ತುಳಿಯುವುದು. ಇವು ಕಂಡರೆ ಹಾಡು ಜೋರು ಮಾಡುವುದು, ಮುಖಕ್ಕೆ ನೀರು ಹಾಕುವುದು, ಗುಟ್ಕಾ ಜಗಿಯುವುದು ಯಾವುದೂ ಕೆಲಸಕ್ಕೆ ಬರುವುದಿಲ್ಲ. ಟೀ ಕುಡಿದು ತಕ್ಷಣ 20 ನಿಮಿಷ ಮಲಗಿ. ಟೀ ಕೆಲಸ ಶುರು ಮಾಡುವ ಹೊತ್ತಿಗೆ ಎಚ್ಚರವಾಗುತ್ತದೆ, ಎರಡೂ ಸೇರಿ ಒಂದೆರಡು ಗಂಟೆ ತಳ್ಳುತ್ತವೆ. ಅದೂ ಸಾಲ ಅಷ್ಟೇ, ಪೂರ್ತಿ ನಿದ್ದೆಗೆ ಬದಲಿಯಲ್ಲ.

ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದೂ ಅಷ್ಟೇ ಮುಖ್ಯ. ಬೆಂಗಳೂರು–ಮೈಸೂರು ಎನ್‌ಎಚ್ 275ರಂಥ ಬೇಲಿ ಹಾಕಿದ ಹೆದ್ದಾರಿಯಲ್ಲಿ ಬೇಕೆಂದಲ್ಲಿ ಡಾಬಾ ಸಿಗುವುದಿಲ್ಲ. ಹಾಗಂತ ಮುಖ್ಯ ರಸ್ತೆಯ ಅಂಚಿನಲ್ಲಿ ಗಾಡಿ ಒತ್ತಿ ಮಲಗುವುದು ಹಿಂದಿನಿಂದ ಬರುವ ಕಾರಿಗೆ ಗೋಡೆ ಕಟ್ಟಿಟ್ಟ ಹಾಗೆ. ಸರ್ವಿಸ್ ರಸ್ತೆಗೆ ಇಳಿಯಿರಿ, ಬೆಳಕಿರುವ ಪೆಟ್ರೋಲ್ ಬಂಕ್ ಹುಡುಕಿ. ಗಾಡಿ ಕೆಟ್ಟು ನಿಂತರೆ ಹಜಾರ್ಡ್ ಲೈಟ್ ಹಾಕಿ, ಪ್ರತಿಫಲಿಸುವ ತ್ರಿಕೋನವನ್ನು ಕನಿಷ್ಠ 50 ಮೀಟರ್ ಹಿಂದೆ ಇಡಿ. ಕಲ್ಲು, ಮರದ ಕೊಂಬೆ ಇಟ್ಟು, ಆಮೇಲೆ ಅವನ್ನು ಅಲ್ಲೇ ಬಿಟ್ಟು ಹೋಗುವ ಅಭ್ಯಾಸ ಬೈಕ್ ಸವಾರರನ್ನು ಕೊಲ್ಲುತ್ತದೆ.

ಇನ್ನು ಘಾಟು ಮತ್ತು ಬ್ರೇಕು. ಪುಣೆಯಲ್ಲಿ ಕಾತ್ರಜ್ ಹೊಸ ಸುರಂಗ ದಾಟಿ ನವಲೆ ಸೇತುವೆ ಕಡೆಗೆ ಇಳಿಯುವ ರಸ್ತೆಯನ್ನು ಮುಂಬೈ ಲೈನಿನ ಪ್ರತಿಯೊಬ್ಬ ಡ್ರೈವರ್ ಬಲ್ಲ. ಅಲ್ಲಿ ಬ್ರೇಕ್ ಹಿಡಿಯದೆ ಲಾರಿ ನುಗ್ಗಿದ ಸುದ್ದಿ ಮತ್ತೆ ಮತ್ತೆ ಬರುತ್ತದೆ. ನೋಡಲು ಅದು ಕಡಿದಾದ ಘಾಟ್ ಅನ್ನಿಸುವುದೇ ಇಲ್ಲ, ಅಗಲವಾದ ನೇರ ಇಳಿಜಾರು. ಅಪಾಯ ಇರುವುದೂ ಅದರಲ್ಲೇ. ಡೀಸೆಲ್ ಉಳಿಯಲಿ ಅಂತ ನ್ಯೂಟ್ರಲ್ ಹಾಕಿ ಬಿಟ್ಟರೆ ಇಂಜಿನ್ ಹಿಡಿತ ಪೂರ್ತಿ ಹೋಗುತ್ತದೆ, ಇಡೀ ತೂಕ ಬ್ರೇಕ್ ಡ್ರಮ್ಮಿನ ಮೇಲೆ ಬೀಳುತ್ತದೆ. ಡ್ರಮ್ ಕಾದು ಹಿಗ್ಗುತ್ತದೆ, ಲೈನರಿನ ಹಿಡಿತ ಕಡಿಮೆಯಾಗುತ್ತದೆ, ಪೆಡಲ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಗಾಬರಿಯಲ್ಲಿ ಪೆಡಲನ್ನು ಪದೇ ಪದೇ ಪಂಪ್ ಮಾಡಿದರೆ ಬ್ರೇಕ್ ಹಿಡಿಸುವ ಏರ್ ಟ್ಯಾಂಕಿನ ಗಾಳಿಯೂ ಇಳಿಯುತ್ತದೆ. ಆಗ ಗೇರಿಗೆ ಹಾಕಲು ಹೋದರೆ ಆ ವೇಗದಲ್ಲಿ ಗೇರ್ ಕೂರುವುದೇ ಇಲ್ಲ.

ನ್ಯೂಟ್ರಲಿನಲ್ಲಿ ಡೀಸೆಲ್ ಉಳಿಯುತ್ತದೆ ಅನ್ನುವುದೇ ಈಗಿನ ಗಾಡಿಗಳಿಗೆ ಸುಳ್ಳು. ಕಾಮನ್ ರೈಲ್ ಇಂಜಿನ್‌ನಲ್ಲಿ ಗೇರ್ ಇದ್ದು ಆಕ್ಸಿಲರೇಟರ್ ಬಿಟ್ಟರೆ ಇಂಜೆಕ್ಟರ್ ಡೀಸೆಲ್ ಕೊಡುವುದನ್ನೇ ನಿಲ್ಲಿಸುತ್ತದೆ, ಚಕ್ರವೇ ಇಂಜಿನನ್ನು ತಿರುಗಿಸುತ್ತದೆ. ನ್ಯೂಟ್ರಲ್ ಹಾಕಿದರೆ ಇಂಜಿನ್ ಆಫ್ ಆಗದಿರಲು ಡೀಸೆಲ್ ಕುಡಿಯಬೇಕಾಗುತ್ತದೆ. ಅಂದರೆ ಗೇರಿನಲ್ಲಿ ಇಳಿಯುವುದೇ ಅಗ್ಗ. ಇದನ್ನು ಹಳೇ ಡ್ರೈವರ್‌ಗಳಿಗೆ ಹೇಳಿದರೆ ಒಪ್ಪುವುದಿಲ್ಲ, ಅವರು ಕಲಿತ ಗಾಡಿಗಳೇ ಬೇರೆ.

ಇಳಿಯುವ ಕ್ರಮ ಇಷ್ಟು: ಇಳಿಜಾರು ಶುರುವಾಗುವ ಮೊದಲೇ ವೇಗ ಇಳಿಸಿ, ಹತ್ತಲು ಬೇಕಾಗುವ ಗೇರಿಗೆ ಹಾಕಿ, ಭಾರ ಹೆಚ್ಚಿದ್ದರೆ ಇನ್ನೊಂದು ಕೆಳಗೆ. ಇಂಜಿನ್ನಿನ ಹೊಗೆ ತಡೆದು ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್ ಹಾಕಿ. ಪೆಡಲ್ ಮೇಲೆ ಕಾಲು ಇಟ್ಟುಕೊಂಡೇ ಇರಬೇಡಿ. ಗಟ್ಟಿಯಾಗಿ ಒಮ್ಮೆ ಹಿಡಿದು ವೇಗ ಇಳಿಸಿ, ಪೂರ್ತಿ ಬಿಟ್ಟು ಡ್ರಮ್ಮಿಗೆ ಉಸಿರಾಡಲು ಬಿಡಿ. ರಬ್ಬರ್ ಸುಟ್ಟಂಥ ವಾಸನೆ ಬಂದರೆ ಜಾಗ ನೋಡಿ ನಿಲ್ಲಿಸಿ ಅರ್ಧ ಗಂಟೆ ಬಿಡಿ. ಕಾದ ಡ್ರಮ್ಮಿಗೆ ನೀರು ಸುರಿಯಬೇಡಿ, ಬಿರುಕು ಬಿಡುತ್ತದೆ. ಸಂಪಾಜೆಯಾಗಲಿ, ಶಿರಾಡಿಯಾಗಲಿ, ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಇಳಿಯುವ 27 ಹೇರ್‌ಪಿನ್ ತಿರುವಿನ ದಿಂಬಂ ಆಗಲಿ, ಕ್ರಮ ಇದೇ. ಬೆಳಿಗ್ಗೆ ಹೊರಡುವ ಮುನ್ನ ಗಾಡಿ ಸುತ್ತ 15 ನಿಮಿಷ ನಡೆಯುವುದನ್ನು ಬಿಡಬೇಡಿ. ಏರ್ ಟ್ಯಾಂಕಿನ ನೀರು ಹೊರಗೆ ಬಿಡಿ, ಗಾಳಿ ಸೋರುವ ಶಬ್ದ ಆಲಿಸಿ, ವೀಲ್ ನಟ್ಟಿನ ಬುಡದಲ್ಲಿ ತುಕ್ಕಿನ ಗೆರೆ ಕಂಡರೆ ನಟ್ಟು ಸಡಿಲವಾಗಿದೆ ಅಂತ ತಿಳಿಯಿರಿ, ಜೋಡಿ ಟೈರಿನ ನಡುವೆ ಸಿಕ್ಕಿದ ಕಲ್ಲು ತೆಗೆಯಿರಿ. ಟೀಗೆ ನಿಲ್ಲಿಸಿದಾಗಲೆಲ್ಲ ಹಬ್ಬಿನ ಹತ್ತಿರ ಅಂಗೈ ತಂದು ಶಾಖ ನೋಡಿ, ಒಂದು ಮಾತ್ರ ಉಳಿದವಕ್ಕಿಂತ ಸುಡುತ್ತಿದ್ದರೆ ಬೇರಿಂಗೋ ಬ್ರೇಕೋ ಹಿಡಿದುಕೊಂಡಿದೆ. ಬಿಎಸ್ 6 ಗಾಡಿಯಾದರೆ ಡಿಇಎಫ್ ಮೇಲೂ ಕಣ್ಣಿರಲಿ. ಹೊಗೆಯ ವಿಷ ಕಡಿಮೆ ಮಾಡಲು ಹಾಕುವ, 32.5 ಶೇಕಡಾ ಯೂರಿಯಾ ಇರುವ ಶುದ್ಧ ದ್ರಾವಣ ಅದು. ಅಗ್ಗಕ್ಕೆ ಸಿಕ್ಕಿತು ಅಂತ ಕಲಬೆರಕೆ ಹಾಕಿದರೆ ನಾಜಲ್ ಕಟ್ಟಿಕೊಂಡು ಗಾಡಿ ತಾನೇ ಶಕ್ತಿ ಇಳಿಸಿಕೊಳ್ಳುತ್ತದೆ, ಯಾವುದೋ ಘಾಟಿನ ಮಧ್ಯೆ.

ಕಾಗದಪತ್ರದ ಅಜ್ಞಾನಕ್ಕೆ ಬೆಲೆ ತೆರುವವನೂ ಡ್ರೈವರ್‌ನೇ. ಸರಕಿನ ಬೆಲೆ 50,000 ಮೀರಿದರೆ ಸಾಮಾನ್ಯವಾಗಿ ಸರಕಿನ ಜೊತೆ ಜಿಎಸ್‌ಟಿಯ ಇ-ವೇ ಬಿಲ್ ಬೇಕು. ಹಣ್ಣು, ತರಕಾರಿಯಂಥ ತೆರಿಗೆ ಇಲ್ಲದ ಸರಕಿಗೆ ವಿನಾಯಿತಿ ಇದೆ. ಬಿಲ್ಲಿನ ಅವಧಿ ಪ್ರತಿ 200 ಕಿ.ಮೀ.ಗೆ ಒಂದು ದಿನ. ಸಾವಿರ ಕಿ.ಮೀ.ಗೆ ಐದು ದಿನ ಸಿಗುತ್ತದೆ, ಸಾಕು ಅನ್ನಿಸುತ್ತದೆ. ಆದರೆ ಗಾಡಿ ಕೆಟ್ಟು ಮೂರು ದಿನ ನಿಂತರೆ ಅವಧಿ ಮುಗಿಯುತ್ತದೆ. ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆ ನಂತರದವರೆಗೆ ಮಾತ್ರ ಅದನ್ನು ವಿಸ್ತರಿಸಬಹುದು. ಗಾಡಿ ಬದಲಾಯಿಸಿದರೆ ಬಿಲ್ಲಿನ ಬಿ ಭಾಗದಲ್ಲಿ ಹೊಸ ನಂಬರ್ ಹಾಕಿಸಬೇಕು. ಇವು ಡ್ರೈವರ್ ಮಾಡುವ ಕೆಲಸವಲ್ಲ, ಆದರೆ ತಪ್ಪಾದರೆ ಗಾಡಿ ಜೊತೆ ಚೆಕ್‌ಪೋಸ್ಟಿನಲ್ಲಿ ಕೂರುವವನು ಡ್ರೈವರ್. ದಿನಾಂಕ, ಗಾಡಿ ನಂಬರ್ ಎರಡನ್ನಾದರೂ ಹೊರಡುವ ಮುನ್ನ ಕಣ್ಣಾರೆ ನೋಡಿ ಫೋಟೋ ಇಟ್ಟುಕೊಳ್ಳಿ.

ಓವರ್‌ಲೋಡ್ ಮಾತು. ಹತ್ತು ಚಕ್ರದ ಗಾಡಿಗೆ ಸರಕೂ ಸೇರಿ 28.5 ಟನ್, ಆರು ಚಕ್ರಕ್ಕೆ 18.5 ಟನ್ ಅಂತ 2018ರಲ್ಲಿ ಮಿತಿ ಹೆಚ್ಚಿಸಿದರು. ನಿಮ್ಮ ಗಾಡಿಯ ಅಂಕಿ ಆರ್‌ಸಿಯಲ್ಲಿರುತ್ತದೆ, ಅದೇ ಕೊನೆಯ ಮಾತು. ಖಾಲಿ ಗಾಡಿ 9.5 ಟನ್ ಇದ್ದರೆ ತುಂಬಬಹುದಾದ್ದು 19. ‘22 ಹಾಕು, ಏನಾಗಲ್ಲ’ ಅಂದರೆ ಮೂರು ಟನ್ ಹೆಚ್ಚು. ದಂಡ 20,000, ಮೇಲೆ ಟನ್ನಿಗೆ 2,000ದಂತೆ 6,000, ಒಟ್ಟು 26,000. ಹೆಚ್ಚುವರಿ ಮಾಲು ಇಳಿಸುವ ಖರ್ಚು ಬೇರೆ. ತೂಕ ಮಾಡಿಸಲು ನಿಲ್ಲಿಸದೆ ಹೋದರೆ 40,000. ಹೆಚ್ಚಿಗೆ ಹಾಕಿದ ಮೂರು ಟನ್ನಿನ ಬಾಡಿಗೆ ಓನರ್‌ಗೆ ಹೋಗುತ್ತದೆ, ಘಾಟಿನಲ್ಲಿ ಆ ಮೂರು ಟನ್ ತಳ್ಳುವುದು ನಿಮ್ಮನ್ನು. ದಂಡ ಯಾರದ್ದು ಅನ್ನುವುದನ್ನು ಲೋಡ್ ಹಾಕಿಸುವ ಮೊದಲು ವಾಟ್ಸಾಪಿನಲ್ಲಿ ಒಂದು ಸಾಲು ಬರೆಸಿಕೊಳ್ಳಿ. ಬಾಯಿ ಮಾತು ಕೊಲ್ಹಾಪುರದ ಆಚೆ ಯಾರಿಗೂ ನೆನಪಿರುವುದಿಲ್ಲ.

ಕೇರಳ ಲೈನಿಗೆ ಹೋಗುವವರಿಗೆ ಗಡಿಯಾರವೇ ಮುಖ್ಯ. ಗುಂಡ್ಲುಪೇಟೆಯಿಂದ ಬಂಡೀಪುರದ ಮೇಲೆ ಸುಲ್ತಾನ್ ಬತ್ತೇರಿಗೆ ಹೋಗುವ ಎನ್‌ಎಚ್ 766 ಮತ್ತು ಊಟಿ ರಸ್ತೆ, ಎರಡೂ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಕೇರಳ ದಾರಿಯ ಗೇಟು ಮದ್ದೂರಿನಲ್ಲಿದೆ, ವಡೆಯ ಮದ್ದೂರಲ್ಲ, ಗುಂಡ್ಲುಪೇಟೆ ತಾಲ್ಲೂಕಿನದು. ಹೊಸಬರು ಫೋನಿನಲ್ಲಿ ‘ಮದ್ದೂರು ಚೆಕ್‌ಪೋಸ್ಟ್’ ಅಂದಾಗ ಗೊಂದಲ ಮಾಡಿಕೊಳ್ಳುವುದುಂಟು. ನಂಜನಗೂಡಿನ ಕಾರ್ಖಾನೆಯಲ್ಲಿ ಸಂಜೆ ಏಳಕ್ಕೆ ಬಿಲ್ ಕೈಗೆ ಬಂದರೆ ಓಡಿಸಿ ಗೇಟು ಮುಟ್ಟುವ ಆಸೆ ಬಿಡಿ. ಗುಂಡ್ಲುಪೇಟೆಯಲ್ಲೇ ಊಟ ಮಾಡಿ ಮಲಗಿ, ಆರಕ್ಕೆ ಹೊರಡಿ. ಒಂಬತ್ತಕ್ಕೆ ಮುಂಚೆ ದಾಟಿಬಿಡುವ ಧಾವಂತದಲ್ಲಿ ಕಾಡಿನೊಳಗೆ ವೇಗ ಹೆಚ್ಚಿಸಿದರೆ ಜಿಂಕೆ, ಆನೆ ಎದುರಾದಾಗ ಯಾರಿಗೂ ಒಳ್ಳೆಯದಾಗುವುದಿಲ್ಲ. ದಿಂಬಂ ಕಡೆಯಲ್ಲೂ ರಾತ್ರಿ ಭಾರಿ ವಾಹನಕ್ಕೆ ನಿರ್ಬಂಧವಿದೆ.

ಆಕ್ಸಿಡೆಂಟ್ ಆದರೆ ಏನು ಮಾಡಬೇಕು ಅನ್ನುವುದನ್ನು ಆದ ಮೇಲೆ ಕಲಿಯಲು ಆಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ ಗಾಯಾಳುವಿಗೆ ಚಿಕಿತ್ಸೆ ಕೊಡಿಸಲು ಡ್ರೈವರ್ ಪ್ರಯತ್ನಿಸಬೇಕು, 24 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಬೇಕು. ಜನ ಸೇರಿ ಹೊಡೆಯುವ ಪರಿಸ್ಥಿತಿ ಇದ್ದರೆ ಅಲ್ಲಿಂದ ಸರಿಯಬಹುದು ಅನ್ನುವುದನ್ನು ಕಾನೂನೇ ಒಪ್ಪುತ್ತದೆ. ಸರಿದು ನೇರ ಠಾಣೆಗೆ ಹೋಗಿ, ದಾರಿಯಿಂದಲೇ 112ಕ್ಕೆ ಫೋನ್ ಮಾಡಿ. ಊರಿಗೆ ಬಂದು ಅಡಗಿಕೊಂಡರೆ ತಪ್ಪಿಲ್ಲದವನೂ ತಪ್ಪಿತಸ್ಥನಂತೆ ಕಾಣುತ್ತಾನೆ. 2024ರ ಜನವರಿಯಲ್ಲಿ ದೇಶದ ಟ್ರಕ್ ಡ್ರೈವರ್‌ಗಳು ಗಾಡಿ ನಿಲ್ಲಿಸಿದ್ದು ಸಾವು ತಂದ ಅಪಘಾತವನ್ನು ತಿಳಿಸದೆ ಓಡಿಹೋದವರಿಗೆ ಭಾರತೀಯ ನ್ಯಾಯ ಸಂಹಿತೆಯ 106(2) ವಿಧಿಸುವ ಹತ್ತು ವರ್ಷದವರೆಗಿನ ಶಿಕ್ಷೆಯ ವಿರುದ್ಧ. ಆ ವರ್ಷದ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಉಪವಿಧಿಯನ್ನು ತಡೆಹಿಡಿದರು. ಆದರೆ ಅಜಾಗರೂಕತೆಯಿಂದ ಸಾವು ತಂದರೆ ಐದು ವರ್ಷದವರೆಗೆ ಶಿಕ್ಷೆ ಕೊಡುವ 106(1) ಜಾರಿಯಲ್ಲಿದೆ.

ಗಾಡಿಯ ಇನ್ಶೂರೆನ್ಸಿನಲ್ಲಿ ಸಂಬಳದ ಡ್ರೈವರ್‌ಗೆ ಕಾರ್ಮಿಕರ ಪರಿಹಾರದ ಕಾನೂನಿನಡಿ ರಕ್ಷಣೆ ಇರುತ್ತದೆ. ಆದರೆ ಲೈಸೆನ್ಸ್ ಅವಧಿ ಮುಗಿದಿದ್ದರೆ, ನೀವು ಡ್ರೈವರ್ ಅನ್ನುವುದಕ್ಕೆ ದಾಖಲೆಯೇ ಇಲ್ಲದಿದ್ದರೆ, ಹೆಂಡತಿ ಮಕ್ಕಳು ವರ್ಷಗಟ್ಟಲೆ ಅಲೆಯಬೇಕಾಗುತ್ತದೆ. ಸಂಬಳವನ್ನು ಬ್ಯಾಂಕಿಗೇ ಹಾಕಿಸಿಕೊಳ್ಳಿ, ಅದೇ ದೊಡ್ಡ ದಾಖಲೆ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ, 436 ರೂಪಾಯಿಯ ಜೀವನ್ ಜ್ಯೋತಿ, ಎರಡೂ ತಲಾ ಎರಡು ಲಕ್ಷದವು, ಬ್ಯಾಂಕಿನಲ್ಲಿ ಒಂದು ಫಾರಂ ತುಂಬಿದರೆ ಸಾಕು. ರಾಜ್ಯದ ಕಾರ್ಮಿಕ ಇಲಾಖೆಯಲ್ಲಿ ಖಾಸಗಿ ವಾಣಿಜ್ಯ ವಾಹನ ಚಾಲಕರ ಅಪಘಾತ ಪರಿಹಾರ ಯೋಜನೆಯಿದೆ, ಸಾವಾದರೆ ಕುಟುಂಬಕ್ಕೆ 5 ಲಕ್ಷ. ಈ ಮೂರೂ ಇವೆ ಅನ್ನುವುದು ಮನೆಯವರಿಗೆ ಗೊತ್ತಿರಲಿ, ಕಾಗದ ಎಲ್ಲಿದೆ ಅನ್ನುವುದೂ ಗೊತ್ತಿರಲಿ.

ಸ್ವಂತ ಗಾಡಿ ತೆಗೆಯುವ ಆಸೆ ಎಲ್ಲರಿಗೂ ಬರುತ್ತದೆ. 30 ಲಕ್ಷ ಸಾಲ, ಶೇ. 10 ಬಡ್ಡಿ, ಐದು ವರ್ಷ ಅಂದರೆ ತಿಂಗಳ ಕಂತು ಸುಮಾರು 63,700. ಗಾಡಿ ಓಡಲಿ ಬಿಡಲಿ, ದಿನಕ್ಕೆ 2,100 ರೂಪಾಯಿ ಎದ್ದು ಹೋಗುತ್ತಲೇ ಇರುತ್ತದೆ. ಇದರ ಮೇಲೆ ವಿಮೆ, ರಸ್ತೆ ತೆರಿಗೆ, ವರ್ಷಕ್ಕೆ 16,500ರ ನ್ಯಾಷನಲ್ ಪರ್ಮಿಟ್ ಫೀ, ಹತ್ತು ಟೈರು. ಮೊದಲು ಹೇಳಿದ ಮೂರು ನಿಂತ ದಿನಗಳನ್ನು ಇಲ್ಲಿ ಇಟ್ಟು ನೋಡಿ: ಒಂದೊಂದು ಸುತ್ತಿಗೂ ಕಂತಿನ ಬಾಬ್ತೇ 6,300. ಬಾಡಿಗೆಯಲ್ಲಿ ಶೇ. 80–90 ಅಡ್ವಾನ್ಸ್ ಬರುತ್ತದೆ, ಉಳಿದದ್ದು ಮಾಲು ಮುಟ್ಟಿತು ಅಂತ ಸಹಿಯಾದ ಎಲ್‌ಆರ್ (ಲಾರಿ ರಸೀದಿ) ಕಾಪಿ ಮುಟ್ಟಿದ ಮೇಲೆ, ಅದೂ ತಿಂಗಳುಗಟ್ಟಲೆ ಎಳೆದು. ಕಂತು ಮಾತ್ರ ತಾರೀಖಿಗೆ ಸರಿಯಾಗಿ ಬರುತ್ತದೆ. ಹೋಗುವ ಲೋಡು, ಬರುವ ಲೋಡು ಎರಡಕ್ಕೂ ಖಾಯಂ ಪಾರ್ಟಿ ಇಲ್ಲದೆ, ಆರು ತಿಂಗಳ ಕಂತು ಕೈಯಲ್ಲಿಲ್ಲದೆ ಗಾಡಿ ತೆಗೆಯಬೇಡಿ. ಜಮೀನು ಅಡವಿಟ್ಟಂತೂ ಬೇಡವೇ ಬೇಡ.

ಮೈ ವಿಷಯ ಚಿಕ್ಕದಾಗಿ: ಸೊಂಟ, ಶುಗರ್, ಬಿಪಿ, ಕಿಡ್ನಿ ಕಲ್ಲು, ಮೂಲವ್ಯಾಧಿ. ನೀರು ಕುಡಿದರೆ ನಿಲ್ಲಿಸಬೇಕಾಗುತ್ತದೆ ಅಂತ ಕುಡಿಯದೇ ಇರುವುದರಿಂದ ಅರ್ಧ ತೊಂದರೆ. ಇನ್ಸುಲಿನ್ ತೆಗೆದುಕೊಳ್ಳುವವರು, ಮಲಗಿದಾಗ ಜೋರು ಗೊರಕೆ ಹೊಡೆದು ಉಸಿರು ಕಟ್ಟಿ ಏಳುವವರು ಡಾಕ್ಟರ್ ಹತ್ತಿರ ಬಿಚ್ಚಿ ಹೇಳಿ ಕೇಳದೆ ಈ ಲೈನಿಗೆ ಬರಬಾರದು. ಮನೆಯವರ ಕಡೆಯಿಂದ ನೋಡಿದರೆ ಹಬ್ಬಕ್ಕೆ ಬರುತ್ತೇನೆ ಅಂದವನು ಬರುವುದು ಲೋಡಿನ ಕೈಯಲ್ಲಿರುತ್ತದೆ. ಆಯುಧಪೂಜೆಗೆ ಗಾಡಿ ಊರಿಗೆ ಬಂದರೆ ಅದೇ ದೊಡ್ಡದು. ಚಿಕ್ಕ ಮಗು ಇರುವವರು ಒಂದೆರಡು ವರ್ಷ ಬೆಂಗಳೂರು, ಚೆನ್ನೈ, ಕೊಯಮತ್ತೂರು ಲೈನಿನಲ್ಲೇ ಇರುವುದು ಒಳ್ಳೆಯದು. ದುಡ್ಡು ಸ್ವಲ್ಪ ಕಡಿಮೆ, ಆದರೆ ವಾರಕ್ಕೆ ಎರಡು ಸಲ ಮನೆಯ ಮುದ್ದೆ ಸಿಗುತ್ತದೆ.

ಓನರ್ ಹತ್ತಿರ ಕೂತಾಗ ಕೇಳಬೇಕಾದ್ದು ಹಾಲ್ಟಿಂಗ್ ಎಷ್ಟು, ಎರಡನೇ ಡ್ರೈವರ್ ಯಾವ ಲೋಡಿಗೆ ಕೊಡುತ್ತೀರಿ, ಓವರ್‌ಲೋಡ್ ದಂಡ ಯಾರದ್ದು, ಮಾಲು ಕಡಿಮೆ ಬಂದರೆ ಯಾರ ತಲೆಗೆ, ಸಂಬಳ ಬ್ಯಾಂಕಿಗೆ ಹಾಕುತ್ತೀರಾ. ಜೊತೆಗೆ ಇನ್ನೊಂದು ಕೇಳಿ: ಈ ಗಾಡಿ ಹಿಂದೆ ಓಡಿಸುತ್ತಿದ್ದವರು ಯಾರು, ಯಾಕೆ ಬಿಟ್ಟರು? ಓನರ್ ಹೇಳುವ ಉತ್ತರ ಕೇಳಿಸಿಕೊಂಡು ಸುಮ್ಮನಿರಿ. ಆ ಡ್ರೈವರ್ ಹೆಸರು ತಿಳಿದುಕೊಂಡು, ಲಾರಿ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಅವನನ್ನು ಹುಡುಕಿ, ಅದೇ ಪ್ರಶ್ನೆ ಅವನಿಗೂ ಕೇಳಿ. ಅಡ್ವಾನ್ಸ್ ದುಡ್ಡು ಮುಟ್ಟುವುದು ಅದಾದ ಮೇಲೆ.